ಪೆನ್ಮೆರು ಪೋಣಿಸಿದ ಒಡಕು ಮಣಿ

ಪೆನ್ಮೆರುವಿನ ಬೆರಳುಗಳ ಬಗ್ಗೆ ಬಿಳಿಗೋಡೆ ಪಟ್ಟಣದಲ್ಲಿ ಎಲ್ಲರಿಗೂ ಒಂದು ಅಭಿಪ್ರಾಯವಿತ್ತು. ಕುಳ್ಳನ ಬೆರಳು ಸಣ್ಣದು, ಸಣ್ಣ ಬೆರಳಿಗೆ ಸಣ್ಣ ಮಣಿ ಸಲೀಸು, ಅದಕ್ಕೇ ಕುಶಲಕರ್ಮಿಗಳ ದೇವರು ಪ್ತಾಹ್ ಕುಳ್ಳರನ್ನು ಆಭರಣದ ಕೆಲಸಕ್ಕೆಂದೇ ಮಾಡಿ ಕಳಿಸಿದ್ದಾನೆ ಎಂದು. ಹಾಗೆ ಹೇಳುವವರು ಯಾರೂ ಅವನ ಕೈ ಹಿಡಿದು ನೋಡಿದವರಲ್ಲ. ಬೆರಳುಗಳು ಗಿಡ್ಡವಾಗಿದ್ದವು ನಿಜ, ಆದರೆ ದಪ್ಪ. ನಡುಬೆರಳೂ ಅದರ ಪಕ್ಕದ್ದೂ ಜಗಳವಾಡಿಕೊಂಡವರ ಹಾಗೆ ದೂರದೂರ ನಿಂತಿದ್ದವು. ಎಳ್ಳಿನಷ್ಟು ಮಣಿಯನ್ನು ಆ ಬೆರಳುಗಳಲ್ಲಿ ಹಿಡಿಯುವುದೆಂದರೆ ಒನಕೆಯಿಂದ ಸಾಸಿವೆ ಹೆಕ್ಕಿದ ಹಾಗೆ.

ಮೊದಲ ಎರಡು ವರ್ಷ ಅವನು ಪೋಣಿಸಿದ್ದಕ್ಕಿಂತ ನೆಲಕ್ಕೆ ಚೆಲ್ಲಿದ್ದೇ ಹೆಚ್ಚು. ಮೂರನೆಯ ವರ್ಷ ಬೆರಳಿನಿಂದ ಹಿಡಿಯುವುದನ್ನೇ ಬಿಟ್ಟ. ಅಗಸೆನೂಲಿನ ತುದಿಗೆ ಗೋಂದು ಸವರಿ, ಹೊಸೆದು, ಮುಳ್ಳಿನಂತೆ ಗಟ್ಟಿ ಮಾಡಿ, ತಟ್ಟೆಯಲ್ಲಿ ಬಿದ್ದಿರುವ ಮಣಿಯನ್ನು ನೂಲಿನಿಂದಲೇ ಚುಚ್ಚಿ ಎತ್ತಲು ಕಲಿತ. ಹತ್ತನೆಯ ವರ್ಷದ ಹೊತ್ತಿಗೆ ಒಡೆಯರ ದೊಡ್ಡಮನೆಯ ಆಭರಣದ ಕಾರ್ಖಾನೆಯಲ್ಲಿ ಅವನಷ್ಟು ಬಿಗಿಯಾಗಿ, ಅವನಷ್ಟು ನೇರವಾಗಿ ಕೊರಳಪಟ್ಟಿ ಪೋಣಿಸುವವರು ಇನ್ನೊಬ್ಬರಿರಲಿಲ್ಲ. ಭುಜದಿಂದ ಭುಜದವರೆಗೆ ಹರಡಿಕೊಳ್ಳುವ ಪಟ್ಟಿ ಅದು. ನೀಲಿಹಸಿರು ಕೊಳವೆಮಣಿಗಳು ಸಾಲು ಸಾಲಾಗಿ ನೆಟ್ಟಗೆ ನಿಲ್ಲಬೇಕು. ಒಂದು ಗಂಟು ಸಡಿಲವಾದರೂ ಇಡೀ ಪಟ್ಟಿ ಬಾಡಿದ ಸೊಪ್ಪಿನ ಹಾಗೆ ಜೋತುಬೀಳುತ್ತದೆ. ಪೆನ್ಮೆರುವಿನ ಪಟ್ಟಿ ಜೋತುಬಿದ್ದದ್ದನ್ನು ಯಾರೂ ನೋಡಲಿಲ್ಲ.

ಅವನನ್ನು ಅಲ್ಲಿಗೆ ಸೇರಿಸಿದವಳು ತಾಯಿ ನೆಫ್ರೆಸ್. ಅವಳು ಅದೇ ದೊಡ್ಡಮನೆಯಲ್ಲಿ ಹಿಟ್ಟು ಅರೆಯುವವಳು. ಅಂಗಳದಲ್ಲಿ ಹನ್ನೆರಡು ಕಲ್ಲು, ಹನ್ನೆರಡು ಹೆಂಗಸರು. ಮೊಣಕಾಲೂರಿ, ಮುಂದಕ್ಕೆ ಬಾಗಿ, ಹಿಂದಕ್ಕೆ ಸರಿದು, ಬೆಳಗಿನಿಂದ ಸಂಜೆಯ ತನಕ ಗೋಧಿ ಅರೆಯಬೇಕು. ಗಂಡ ಕಲ್ಲು ಸಾಗಿಸುವ ದೋಣಿಯಲ್ಲಿ ಹೋದವನು ಬರಲಿಲ್ಲ. ಮಗನಿಗೆ ಹನ್ನೆರಡು ತುಂಬಿದಾಗ ಅವಳು ಅವನನ್ನು ಕಾರ್ಖಾನೆಯ ಬಾಗಿಲಿಗೆ ಕರೆತಂದಳು. ಬಾಗಿಲಲ್ಲಿದ್ದವನು ಸೆಷೆಮು. ಆಗಷ್ಟೇ ಮೇಸ್ತ್ರಿಯಾಗಿದ್ದ, ಬಿಳಿ ಪಂಚೆಯ ಮಡಿಕೆ ಕೆಡದಂತೆ ನಿಲ್ಲುವ ಮನುಷ್ಯ.

“ಕುಣಿಯೋಕೆ ಬರುತ್ತೇನಮ್ಮ ನಿನ್ನ ಮಗನಿಗೆ?” ಎಂದು ಅವನು ಕೇಳಿದ.

ತಾಯಿ ಬಾಯಿ ತೆರೆಯುವ ಮೊದಲೇ ಹುಡುಗ ಹೇಳಿದ, “ಇಲ್ಲ. ಮಣಿ ಪೋಣಿಸೋಕೆ ಬರುತ್ತೆ.”

ಅದು ಶುದ್ಧ ಸುಳ್ಳು. ಅಲ್ಲಿಯವರೆಗೆ ಅವನು ಮಣಿಯನ್ನು ಮುಟ್ಟಿಯೂ ಇರಲಿಲ್ಲ.

ಸೆಷೆಮು ನಕ್ಕ. “ಒಳ್ಳೇದೇ ಆಯ್ತು ಬಿಡು. ಚಿನ್ನ ಎತ್ಕೊಂಡು ಓಡಿದ್ರೂ ಮೂಲೆ ತಿರುಗೋದ್ರೊಳಗೆ ಹಿಡ್ಕೋಬಹುದು.”

ಹೀಗೆ ಶುರುವಾದ ನೌಕರಿ ಮೂವತ್ತು ವರ್ಷ ನಡೆಯಿತು. ಎದುರು ಬದುರು ಇಬ್ಬರು ಕೂರುವ ಗಿಡ್ಡ ಹಲಗೆ. ಪೆನ್ಮೆರುವಿನ ಎದುರಿಗೆ ಇಯ್ಮೆರಿ. ಎತ್ತರದ ಆಳು, ಅಳುಬುರುಕ ಮುಖ, ಐದು ಮಕ್ಕಳ ತಂದೆ. ಕೂತಾಗ ಇಬ್ಬರ ತಲೆಯೂ ಸಮಕ್ಕೆ ಬರುತ್ತಿತ್ತು. ಪೆನ್ಮೆರುವಿಗೆ ಆ ಹಲಗೆ ಇಷ್ಟವಾಗಲು ಅದೂ ಒಂದು ಕಾರಣ.

ಆದರೆ ಪ್ರತಿವರ್ಷ ಹಾಥೋರ್ ದೇವಿಯ ಹಬ್ಬ ಬಂದಾಗ ಅದೇ ಪ್ರಶ್ನೆ ಬರುತ್ತಿತ್ತು. ಹೆಂಗಸರು ಮಣಿಗೊಂಚಲು ಅಲುಗಿಸುತ್ತ ದೇವಿಯನ್ನು ಕರೆಯುವಾಗ ಮುಂದೆ ಒಬ್ಬ ಕುಳ್ಳ ಕುಣಿದರೆ ದೇವಿಗೆ ಸಂತೋಷ ಎಂದು ದೊಡ್ಡಮನೆಯ ನಂಬಿಕೆ. ಒಂದು ವರ್ಷ ಪೆನ್ಮೆರು ಕಾಲು ಉಳುಕಿದೆ ಎಂದ. ಇನ್ನೊಂದು ವರ್ಷ ಹೊಟ್ಟೆ ಕೆಟ್ಟಿದೆ ಎಂದ. ಆಮೇಲಾಮೇಲೆ ನೆಪ ಹೇಳುವುದನ್ನೂ ಬಿಟ್ಟು, “ಆಗಲ್ಲ” ಎಂದಷ್ಟೇ ಹೇಳಿ ತಲೆ ಬಗ್ಗಿಸಿ ಪೋಣಿಸತೊಡಗಿದ. ಕೆಲಸ ಅಷ್ಟು ಚೆನ್ನಾಗಿದ್ದುದರಿಂದ ಅವನನ್ನು ಯಾರೂ ಹೆಚ್ಚು ಕೆಣಕಲಿಲ್ಲ.

ಕುಣಿತವೆಂದರೆ ಅವನಿಗೆ ನೆನಪಾಗುತ್ತಿದ್ದುದು ಒಂದೇ. ಏಳು ವರ್ಷದವನಿದ್ದಾಗ ಕಟಾವಿನ ಕಣದಲ್ಲಿ ಯಾರೋ ಅವನನ್ನು ಎತ್ತಿ ಗೋಧಿಯ ರಾಶಿಯ ಮೇಲೆ ನಿಲ್ಲಿಸಿದರು. ಕಾಲು ಹೂತುಹೋಗಿ ಅವನು ಬಿದ್ದ, ಎದ್ದ, ಮತ್ತೆ ಬಿದ್ದ. ಜನ ಅದನ್ನೇ ಕುಣಿತ ಎಂದುಕೊಂಡು ಚಪ್ಪಾಳೆ ತಟ್ಟಿ ಎರಡು ರೊಟ್ಟಿ ಎಸೆದರು. ಆ ರೊಟ್ಟಿಗಳನ್ನು ಎತ್ತಿಕೊಂಡವಳು ಅವನ ತಾಯಿಯೇ.

ಪೆನ್ಮೆರುವಿಗೆ ನಲವತ್ತೆರಡು ನಡೆಯುತ್ತಿದ್ದಾಗ ನೆಫ್ರೆಸ್ ಹಾಸಿಗೆ ಹಿಡಿದಳು. ಕಲ್ಲಿನ ಪುಡಿ ಎದೆಗೆ ಹೋಗಿ ಕೂತಿತ್ತು. ಕೆಮ್ಮಿದರೆ ಹಿಟ್ಟಿನ ಜರಡಿ ಆಡಿಸಿದ ಸದ್ದು. ವೈದ್ಯ ಬಂದು ಜೇನು, ಜೋನಿಬೆಲ್ಲದಂಥ ಯಾವುದೋ ಲೇಹ್ಯ ಕೊಟ್ಟು, ಮುಖ ನೋಡದೆ ಹೋದ. ಅವಳಿಗೆ ಗೊತ್ತಾಯಿತು.

“ನನಗೊಂದು ಕೊರಳಪಟ್ಟಿ ಬೇಕು ಕಣೋ,” ಎಂದಳು ಮಗನಿಗೆ.

“ಏನು?”

“ನೀನು ಮಾಡ್ತೀಯಲ್ಲ, ಅಂಥದ್ದು. ಪಡುವಣಕ್ಕೆ, ಸತ್ತೋರ ಸೀಮೆಗೆ ಹೋಗೋವಾಗ ಬೋಳು ಕತ್ತಲ್ಲಿ ಹೋಗಲಾರೆ. ಅಲ್ಲಿ ಬಾಗಿಲಲ್ಲಿ ಕೂತಿರೋರು ನನ್ನ ಮೊಣಕಾಲು ನೋಡ್ತಾರೆ. ನೋಡಿದ ಕೂಡ್ಲೆ ಗೊತ್ತಾಗುತ್ತೆ, ಇವಳು ಅರೆಯೋಳು ಅಂತ. ಅಲ್ಲೂ ಒಂದು ಕಲ್ಲು ತೋರಿಸ್ತಾರೆ. ಕೊರಳಲ್ಲಿ ಪಟ್ಟಿ ಇದ್ರೆ ಹೇಳೋಕಾದ್ರೂ ಹಿಂಜರೀತಾರೆ.”

ಮೂವತ್ತು ವರ್ಷದಲ್ಲಿ ಪೆನ್ಮೆರು ಪೋಣಿಸಿದ ಪಟ್ಟಿಗಳಲ್ಲಿ ಒಂದೂ ಅವನದಾಗಿರಲಿಲ್ಲ. ಮಣಿ ದೊಡ್ಡಮನೆಯದು, ನೂಲು ದೊಡ್ಡಮನೆಯದು. ಸಂಜೆ ಹೊರಡುವಾಗ ಬಾಗಿಲಲ್ಲಿ ಬಾಯಿ ತೆರೆಸಿ ನೋಡಿ ಬಿಡುತ್ತಿದ್ದರು.

ವಿಷಯ ಹೇಗೋ ಸೆಷೆಮುವಿನ ಕಿವಿಗೆ ಬಿತ್ತು. ಅವನಿಗೆ ಅದು ಒಳ್ಳೆಯ ಸಮಯದಲ್ಲೇ ಬಿತ್ತು. ಪಕ್ಕದ ದೊಡ್ಡಮನೆಯವರು ಆ ವರ್ಷ ತೆಂಕಣ ಸೀಮೆಯಿಂದ ಕುಣಿಯುವ ಕುಳ್ಳನೊಬ್ಬನನ್ನು ತರಿಸಿದ್ದರು. ‘ನಮ್ಮಲ್ಲಿ ಒಬ್ಬ ಇದ್ದಾನಲ್ಲ, ಅವನು ಬರೀ ಕೂತೇ ಇರ್ತಾನಾ?’ ಎಂದು ಒಡೆಯರು ಕೇಳಿದ್ದರಂತೆ. ಸೆಷೆಮು ಹಲಗೆಯ ಹತ್ತಿರ ಬಂದು ನಿಂತ. ಈಗ ಅವನಿಗೂ ಹೊಟ್ಟೆ ಬಂದಿತ್ತು, ಪಂಚೆಯ ಮಡಿಕೆ ಮಾತ್ರ ಹಾಗೇ ಇತ್ತು.

“ಒಂದೇ ಹಬ್ಬ ಕಣೋ ಪೆನ್ಮೆರು. ದೇವಿ ಮುಂದೆ ಕುಣಿದುಬಿಡು. ನಿಮ್ಮ ತಾಯಿಗೆ ನೀಲಿಮಣಿ ಕೊರಳಪಟ್ಟಿ, ಮೇಲೆ ಸುತ್ತೋಕೆ ಹೊಸಾ ಬಟ್ಟೆ. ಒಡೆಯರ ಬಾಯಿಂದಲೇ ಬಂದಿರೋ ಮಾತು.”

“ದೇವಿ ಮುಂದೆ ಅಂದ್ರೆ ದೇವಿ ನೋಡೋಕಾ, ಜನ ನೋಡೋಕಾ?”

“ಇಬ್ಬರೂ ನೋಡ್ಲಿ. ನಿನಗೇನು ನಷ್ಟ?”

“ದೇವಿಗೇ ಬೇಕಿದ್ರೆ ನಮ್ಮ ಮಾಳಿಗೆ ಮೇಲೆ ಕುಣೀತೀನಿ ಯಜಮಾನ್ರೇ. ಅವಳಿಗೆ ಅಲ್ಲೀವರೆಗೆ ಕಣ್ಣು ಕಾಣುತ್ತೆ.”

ಎದುರಿಗೆ ಕೂತಿದ್ದ ಇಯ್ಮೆರಿ ನಗು ತಡೆಯಲು ಹೋಗಿ ಮಣಿತಟ್ಟೆಯನ್ನು ಮಗುಚಿದ. ಸೆಷೆಮು ನಗಲಿಲ್ಲ.

ಸಂಜೆ ಮನೆಗೆ ಹೋಗುವಷ್ಟರಲ್ಲಿ ತಾಯಿಗೆ ಎಲ್ಲ ಗೊತ್ತಾಗಿತ್ತು. ಇಯ್ಮೆರಿಯ ಹೆಂಡತಿ ಈರುಳ್ಳಿ ಕೊಡುವ ನೆಪದಲ್ಲಿ ಬಂದು ಹೇಳಿ ಹೋಗಿದ್ದಳು.

“ಕುಣಿದ್ರೆ ಏನಾಗುತ್ತೋ?” ನೆಫ್ರೆಸ್ ಗೋಡೆಗೆ ಒರಗಿ ಕೂತಿದ್ದಳು. “ಹತ್ತು ಹೆಜ್ಜೆ. ನಾನು ನಲವತ್ತು ವರ್ಷ ಮೊಣಕಾಲ ಮೇಲೆ ಕೂತು ಹಿಂದಕ್ಕೂ ಮುಂದಕ್ಕೂ ತೂಗಾಡ್ಲಿಲ್ವಾ? ಅದೂ ಕುಣಿತಾನೇ.”

“ನಿನ್ನನ್ನ ನೋಡಿ ಯಾರೂ ನಗಲಿಲ್ಲ ಅವ್ವ.”

“ನಕ್ಕಿದ್ರೆ ಚೆನ್ನಾಗಿರ್ತಿತ್ತು. ನನ್ನನ್ನ ಯಾರೂ ನೋಡ್ಲೇ ಇಲ್ಲ.”

ಅವನು ಸಿಟ್ಟಿನಲ್ಲಿ ಮೂವತ್ತೈದು ವರ್ಷ ಒಳಗಿಟ್ಟುಕೊಂಡದ್ದನ್ನು ಹೊರಗೆ ಹಾಕಿದ. “ಅವತ್ತು ಕಣದಲ್ಲಿ ಆ ರೊಟ್ಟಿ ಯಾಕೆ ಎತ್ಕೊಂಡೆ?”

ನೆಫ್ರೆಸ್ ಅವನನ್ನೇ ನೋಡಿದಳು. ಮರೆತಿದ್ದೇನೆ ಎಂದು ನಟಿಸಲಿಲ್ಲ. “ಎರಡು ದಿನದಿಂದ ಮನೇಲಿ ಏನೂ ಇರಲಿಲ್ಲ. ಆ ರೊಟ್ಟಿ ತಿಂದೇ ನೀನು ಬದುಕಿದ್ದು. ಇವತ್ತು ‘ಆಗಲ್ಲ’ ಅನ್ನೋಕೆ ನಿನಗೆ ಬಾಯಿ ಬಂದಿರೋದೂ ಆ ರೊಟ್ಟಿಯಿಂದಲೇ.”

“ಆದ್ರೂ ಕುಣಿಯಲ್ಲ.”

“ಕುಣೀಬೇಡ ಹೋಗು. ನನ್ನ ಹೊಟ್ಟೇಲಿ ಹುಟ್ಟಿದೋನು, ಇನ್ನೇನು ಮಾಡ್ತೀಯ.” ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಆ ಸಂಜೆ ಮಗ ಕೊಟ್ಟ ಗಂಜಿಯನ್ನು ಮುಟ್ಟಲಿಲ್ಲ.

ಪೆನ್ಮೆರು ನದಿಯ ದಂಡೆಗೆ ಹೋಗಿ ಕೂತ. ಕರಿಮಣ್ಣನ್ನು ಹುಲ್ಲುಕಡ್ಡಿಯ ಸುತ್ತ ಉರುಳಿಸಿ ನಾಲ್ಕಾರು ಮಣಿ ಮಾಡಿದ. ಮರುದಿನ ತಂದು ತೋರಿಸಿದಾಗ ತಾಯಿ ಒಂದನ್ನು ಕೈಗೆ ತೆಗೆದುಕೊಂಡು, “ಮಣ್ಣಿನ ಮಣಿ ಹಾಕ್ಕೊಂಡು ಹೋದ್ರೆ ಅರೆಯೋಕಲ್ಲ, ಇಟ್ಟಿಗೆ ಹೊರೋಕೆ ಹಾಕ್ತಾರೆ,” ಎಂದಳು. ಅವಳಿಗೆ ಬೇಕಾದದ್ದು ನೀಲಿ. ಚಿಗುರಿನ ಬಣ್ಣ, ನೀರಿನ ಬಣ್ಣ, ಸತ್ತದ್ದು ಮತ್ತೆ ಮೊಳೆಯುವ ಬಣ್ಣ. ಮಣ್ಣು ತನಗೆ ಹೇಗೂ ಮೇಲಿಂದ ಹಾಕುವುದೇ ಇದೆ, ಕೊರಳಿಗೂ ಅದೇ ಯಾಕೆ ಎಂದಳು.

ಕಾರ್ಖಾನೆಯ ಹಿಂದೆ ಒಂದು ಹೊಂಡವಿತ್ತು. ಒಲೆಯ ಬೂದಿ, ಒಡೆದ ಮಡಕೆ, ಸುಡುವಾಗ ಕೆಟ್ಟ ಮಣಿಗಳು, ಎಲ್ಲ ಅಲ್ಲಿಗೆ. ಒಂದಕ್ಕೊಂದು ಅಂಟಿಕೊಂಡವು, ಸೊಟ್ಟಗಾದವು, ಅರ್ಧಕ್ಕೆ ಮುರಿದ ಕೊಳವೆಗಳು, ತೂತು ಮುಚ್ಚಿಹೋದವು. ಮೂವತ್ತು ವರ್ಷದಿಂದ ಅದರ ಪಕ್ಕದಲ್ಲೇ ಓಡಾಡಿದ್ದ ಪೆನ್ಮೆರು ಆ ದಿನ ನಿಂತು ನೋಡಿದ. ಬೂದಿಯ ನಡುವೆ ಅಲ್ಲಲ್ಲಿ ನೀಲಿ ಮಿನುಗುತ್ತಿತ್ತು. ಒಳಗೆ ಹೋಗಿ ಎಲ್ಲರ ಎದುರಿಗೆ ಕೇಳಿದ.

“ಯಜಮಾನ್ರೇ, ಹಿಂದಿನ ಹೊಂಡದಲ್ಲಿರೋದು ನಿಮಗೆ ಬೇಕಾ?”

ಸೆಷೆಮು ತಲೆ ಎತ್ತಲಿಲ್ಲ. “ಕಸ ಯಾರಿಗಪ್ಪಾ ಬೇಕು?”

“ಸರಿ.”

ಮಧ್ಯಾಹ್ನ ಎಲ್ಲರೂ ನೆರಳಿಗೆ ಹೋಗಿ ರೊಟ್ಟಿ ಬಿಚ್ಚಿದಾಗ ಪೆನ್ಮೆರು ಹೊಂಡಕ್ಕೆ ಇಳಿದ. ಕದ್ದುಮುಚ್ಚಿ ಅಲ್ಲ, ನೆತ್ತಿಯ ಮೇಲೆ ಸೂರ್ಯ ಉರಿಯುತ್ತಿದ್ದಾಗ, ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಹಾಡು ಗುನುಗುತ್ತ. ಎರಡನೆಯ ದಿನ ಸೆಷೆಮುವಿಗೆ ವಿಷಯ ಅರ್ಥವಾಯಿತು. ಮೂರನೆಯ ದಿನ ಅವನು ಹೊಂಡದ ಮೇಲೆ ಹತ್ತು ಬುಟ್ಟಿ ಬಿಸಿಬೂದಿ ಸುರಿಸಿ, “ದೊಡ್ಡಮನೆ ಸ್ವತ್ತು ಮುಟ್ಟಬೇಡ,” ಎಂದ.

ತಾಯಿಯ ಉಸಿರು ದಿನದಿನಕ್ಕೆ ಗಿಡ್ಡವಾಗುತ್ತಿತ್ತು. ಮಧ್ಯಾಹ್ನದ ಬಿಡುವು ಸಾಲುವಂತಿರಲಿಲ್ಲ. ಬೂದಿ ಆರಿದ ಮರುಬೆಳಗ್ಗೆ ಪೆನ್ಮೆರು ಹಲಗೆಗೆ ಹೋಗಲೇ ಇಲ್ಲ. ನೇರವಾಗಿ ಹೊಂಡಕ್ಕೆ ಹೋದ. ಅವನು ಅಲ್ಲಿ ಒಂಬತ್ತು ದಿನ ಕೂತ. ಹೊಂಡದ ಅಂಚಿನಲ್ಲಿ ಜನ ಸೇರಿದರು. ಕುಳ್ಳ ಕಸ ಕೆದಕುವುದನ್ನು ನೋಡಲು ಬೆಸ್ತರು ಬಂದರು, ಅಗಸರು ಬಂದರು, ಕಲ್ಲು ಒಡೆಯುವವರು ಬಂದರು.

“ಏನೋ ಕೋಳಿ ಥರ ಕೆದಕ್ತಿದ್ದೀಯ, ಹುಳ ಸಿಕ್ತಾ?” ಎಂದು ಒಬ್ಬ ಅಗಸ ಮೇಲಿನಿಂದ ಕೂಗಿದ.

“ಸಿಗುತ್ತೆ ಇರಣ್ಣ, ನೀನು ಇಳಿದ್ರೆ ದಪ್ಪದ್ದೇ ಸಿಗುತ್ತೆ.”

ಅವರು ನಕ್ಕರು, ಅವನೂ ನಕ್ಕ. ಅವನಿಗೇ ಆಶ್ಚರ್ಯವಾಯಿತು. ಹಬ್ಬದಲ್ಲಿ ನಗುವವರಿಗಿಂತ ಇಲ್ಲಿ ನಗುವವರೇ ಹೆಚ್ಚಿದ್ದರು. ಆದರೂ ಅವನು ಬೇಕಾದ್ದನ್ನು ಆರಿಸುತ್ತಿದ್ದ, ಬೇಡದ್ದನ್ನು ಎಸೆಯುತ್ತಿದ್ದ.

ಸಂಜೆ ಮನೆಯಲ್ಲಿ ಇನ್ನೊಂದು ಕೆಲಸ. ಮುರಿದ ಕೊಳವೆಗಳೆಲ್ಲ ಬೇರೆಬೇರೆ ಉದ್ದ. ಒಂದೇ ಸಮ ಆಗಬೇಕಾದರೆ ತುದಿಗಳನ್ನು ಸವೆಸಬೇಕು. ಅವನು ಮನೆಬಳಕೆಗೆಂದು ತಾಯಿ ಇಟ್ಟುಕೊಂಡಿದ್ದ ಅರೆಯುವ ಕಲ್ಲನ್ನು ಬಾಗಿಲ ಬೆಳಕಿಗೆ ಎಳೆದುಕೊಂಡು, ಮರಳು ಹಾಕಿ, ಮಣಿಗಳನ್ನು ಉಜ್ಜತೊಡಗಿದ. ಮಣ್ಣಿನ ಮಣಿ ಬೇಡವೆಂದ ದಿನದಿಂದ ಮಾತು ಬಿಟ್ಟಿದ್ದ ನೆಫ್ರೆಸ್ ಕಲ್ಲಿನ ಸದ್ದಿಗೆ ಕಣ್ಣು ತೆರೆದಳು.

“ಏನು ಅರೀತಿದ್ದೀಯ?”

“ಮಣಿ.”

ಅವನ ಕೈಯನ್ನೇ ನೋಡಿದಳು. “ನಿನ್ನ ಹಿಡಿತ ಸರಿಯಿಲ್ಲ. ಮುಂಗೈಯಿಂದ ತಳ್ಳಿದ್ರೆ ನಾಳೆ ಕೈ ಎತ್ತೋಕಾಗಲ್ಲ. ಭುಜದಿಂದ ತಳ್ಳು. ಸೊಂಟ ಸಡಿಲ ಬಿಡು,” ಎಂದಳು.

ಅವನು ಭುಜದಿಂದ ತಳ್ಳಿದ.

“ಹಾಂ. ಈಗ ಸದ್ದು ಸರಿಯಾಯ್ತು.” ಅವಳು ಮತ್ತೆ ಕಣ್ಣು ಮುಚ್ಚಿದಳು, ಆದರೆ ಗೋಡೆಯ ಕಡೆ ತಿರುಗಲಿಲ್ಲ.

ಸಮ ಮಾಡಿದ ಮಣಿಗಳು ಉದ್ದದಲ್ಲಿ ಮೊದಲಿನ ಅರ್ಧದಷ್ಟೇ ಉಳಿದವು. ದೊಡ್ಡಮನೆಯ ಪಟ್ಟಿಗೆ ಆರು ಸಾಲು ಸಾಕಾದರೆ ಇದಕ್ಕೆ ಹತ್ತು ಬೇಕಾಯಿತು. ನೂಲು ತಾಯಿಯ ಹಳೆಯ ಬಟ್ಟೆಯ ಅಂಚಿನಿಂದ ಬಿಚ್ಚಿದ್ದು. ಭುಜದ ಮೇಲೆ ಕೂರುವ ಎರಡು ಅರ್ಧಚಂದ್ರಗಳನ್ನು ಪಕ್ಕದ ಬೀದಿಯ ಕುಂಬಾರಗಿತ್ತಿ ಜೆಂತಿ ತನ್ನ ಆವಿಗೆಯಲ್ಲಿ ಸುಟ್ಟುಕೊಟ್ಟಳು. ಜೆಂತಿ ವಿಧವೆ, ದೊಡ್ಡ ಕೈ, ದೊಡ್ಡ ದನಿ. “ತಗೋ, ಚಂದ್ರ ಎರಡು. ಒಂದು ಸ್ವಲ್ಪ ಗ್ರಹಣ ಹಿಡಿದಂಗಿದೆ, ಎಡಕ್ಕೆ ಹಾಕು,” ಎಂದಳು.

ಒಂಬತ್ತನೆಯ ದಿನ ಕೊನೆಯ ಸಾಲು ಮುಗಿಯುವ ಹೊತ್ತಿಗೆ ಕರೆ ಬಂತು. ಊರ ಹಿರಿಯರ ಕಟ್ಟೆಯಲ್ಲಿ ಸೆಷೆಮು ದೂರು ಕೊಟ್ಟಿದ್ದ. ಕಳ್ಳತನ.

ಕಟ್ಟೆಯ ಮುಖ್ಯಸ್ಥ ಒಬ್ಬ ಮುದುಕ ಬರಹಗಾರ. ಕಣ್ಣು ಮಂದ, ಕಿವಿ ಚುರುಕು. ಸೆಷೆಮು ಹೇಳಬೇಕಾದ್ದನ್ನೆಲ್ಲ ಹೇಳಿದ. ಪೆನ್ಮೆರು ಪಟ್ಟಿಯನ್ನು ಚಾಪೆಯ ಮೇಲೆ ಹರಡಿ, “ಒಂದು ಇಡೀ ಮಣಿ ಇದ್ರೆ ತೋರಿಸಿ, ನನ್ನ ಕೈ ಕೊಯ್ಯಿರಿ,” ಎಂದ. “ಹೊಂಡದ್ದನ್ನ ತಗೋಳ್ಳೋಕೆ ಮೊದಲು ಕೇಳಿದ್ದೆ. ಕಸ ಯಾರಿಗೆ ಬೇಕು ಅಂದ್ರು.”

“ಆ ಮಾತು ಕೇಳಿಸ್ಕೊಂಡೋರು ಯಾರಿದ್ದಾರೆ?” ಎಂದ ಮುದುಕ.

ಪೆನ್ಮೆರು ಇಯ್ಮೆರಿಯ ಹೆಸರು ಹೇಳಿದ. ಇಯ್ಮೆರಿ ಮುಂದೆ ಬಂದು ನಿಂತ. ಸೆಷೆಮುವನ್ನು ನೋಡಿದ, ತನ್ನ ಪಾದ ನೋಡಿಕೊಂಡ. “ನನಗೆ ಸರಿಯಾಗಿ ಕೇಳಿಸಲಿಲ್ಲ ಸ್ವಾಮಿ. ಮಣಿ ಎಣಿಸ್ತಿದ್ದೆ,” ಎಂದ.

ಮೂವತ್ತು ವರ್ಷ ಎದುರಿಗೆ ಕೂತವನು. ಆದರೆ ಇಯ್ಮೆರಿಯ ಹಿಂದೆ, ಗುಂಪಿನಲ್ಲಿ, ಅವನ ಹೆಂಡತಿ ಕಿರಿಯ ಮಗುವನ್ನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದಳು. ಪೆನ್ಮೆರು ಅವನನ್ನು ಬಿಟ್ಟು ಮುದುಕನ ಕಡೆಗೆ ತಿರುಗಿದ.

ಮುದುಕ ಪಟ್ಟಿಯ ಮೇಲೆ ಕೈಯಾಡಿಸುತ್ತ ತುಂಬ ಹೊತ್ತು ಕೂತ. “ಸೆಷೆಮು, ಹೊಂಡದಲ್ಲಿದ್ದದ್ದು ದೊಡ್ಡಮನೆ ಸ್ವತ್ತು ಅಂತೀಯ.”

“ಹೌದು ಸ್ವಾಮಿ. ಒಂದೊಂದು ಚೂರೂ.”

“ಹಾಗಾದ್ರೆ ಒಡೆಯರ ಸ್ವತ್ತನ್ನ ಹೊಂಡಕ್ಕೆ ಎಸೆಯೋಕೆ ಹೇಳಿದೋರು ಯಾರು? ಅದರ ಮೇಲೆ ಬಿಸಿಬೂದಿ ಸುರಿಸಿದೋರು ಯಾರು?”

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಅದು ಕಸವೇ ಇರಬಹುದು ಎಂದ ಸೆಷೆಮು. ಆದರೆ ಕುಳ್ಳ ಒಂಬತ್ತು ದಿನ ಹಲಗೆ ಬಿಟ್ಟು ಹೋದದ್ದಂತೂ ನಿಜ ಎಂದ. ಅದನ್ನು ಪೆನ್ಮೆರುವೂ ಅಲ್ಲಗಳೆಯಲಿಲ್ಲ. ಹತ್ತು ಏಟು ಎಂದು ತೀರ್ಪಾಯಿತು.

ಕೋಲು ತರುವಷ್ಟರಲ್ಲಿ ಸೆಷೆಮು ಹತ್ತಿರ ಬಂದು ಬಗ್ಗಿದ. ದನಿಯಲ್ಲಿ ನಿಜವಾದ ಕಳಕಳಿಯೂ ಇತ್ತೇನೋ. “ಇನ್ನೂ ಕಾಲ ಮಿಂಚಿಲ್ಲ. ಹಬ್ಬದಲ್ಲಿ ಕುಣೀತೀನಿ ಅಂತ ಒಂದು ಮಾತು ಹೇಳು, ಏಟು ಬಿಡಿಸ್ತೀನಿ. ಮೂಗು ನೆಲಕ್ಕೆ ಮುಟ್ಟಿಸಿ ತಪ್ಪಾಯ್ತು ಅನ್ನು, ಹಲಗೇನೂ ಉಳಿಯುತ್ತೆ.”

“ನನ್ನ ಮೂಗು ನಿಮ್ಮದಕ್ಕಿಂತ ನೆಲಕ್ಕೆ ಹತ್ರಾನೇ ಇದೆ ಯಜಮಾನ್ರೇ. ಇನ್ನೂ ಎಷ್ಟು ಬಗ್ಗಿಸ್ತೀರಿ?” ಎಂದು ಪೆನ್ಮೆರು ತಾನೇ ಹೋಗಿ ಚಾಪೆಯ ಮೇಲೆ ಬೋರಲು ಮಲಗಿದ.

ಹತ್ತು ಏಟು ಬಿದ್ದವು. ನಾಲ್ಕನೆಯದಕ್ಕೆ ಅವನು ಕಿರುಚಿದ, ಆಮೇಲೆಯೂ ಕಿರುಚಿದ. ಎದ್ದಾಗ ಕಾಲು ನಿಲ್ಲಲಿಲ್ಲ. ಜೆಂತಿ ಬಂದು, ಯಾರನ್ನೂ ಕೇಳದೆ, ಅವನನ್ನು ತನ್ನ ಕತ್ತೆಯ ಮೇಲೆ ಅಡ್ಡಡ್ಡ ಹಾಕಿಕೊಂಡು, ಪಟ್ಟಿಯನ್ನು ಹೆಗಲಿಗೆ ಎಸೆದುಕೊಂಡು ಮನೆಗೆ ತಂದಳು.

ನೆಫ್ರೆಸ್ ಮೊದಲು ಮಗನ ಬೆನ್ನು ನೋಡಿದಳು. ಎಣ್ಣೆ ಹಚ್ಚಿದಳು. ಬೈದಳು. ಆಮೇಲೆ ಪಟ್ಟಿ ಕೇಳಿದಳು. ಒಂದೊಂದು ಸಾಲಿನ ಮೇಲೂ ಬೆರಳಾಡಿಸಿದಳು. ಹತ್ತು ಸಾಲು ನೀಲಿ, ಆದರೆ ಎರಡು ಮಣಿ ಒಂದೇ ನೀಲಿಯಲ್ಲ. ಕೆಲವು ಕಡುನೀಲಿ, ಕೆಲವು ಪಾಚಿಯ ಬಣ್ಣ, ಕೆಲವು ಹೆಚ್ಚು ಸುಟ್ಟು ಕಪ್ಪಿಗೆ ತಿರುಗಿದವು. ಒಟ್ಟಿಗೆ ಸೇರಿದಾಗ ಪ್ರವಾಹ ಬರುವಾಗಿನ ನದಿಯ ಹಾಗೆ ಕಾಣುತ್ತಿತ್ತು.

“ಏಳನೇ ಸಾಲು ಸೊಟ್ಟ,” ಎಂದಳು.

“ಅವ್ವ.”

“ಸೊಟ್ಟ ಇದ್ರೆ ಸೊಟ್ಟ ಅನ್ನಬಾರ್ದಾ? ಕಟ್ಟು ನೋಡೋಣ.”

ಅವನು ಕಟ್ಟಿದ. ಪಡುವಣಕ್ಕೆ ಹೋಗುವಾಗ ಹಾಕಬೇಕಾದ್ದನ್ನು ಅವಳು ಆ ದಿನದಿಂದ ಬಿಚ್ಚಲೇ ಇಲ್ಲ. ಎರಡು ದಿನ ಬಿಟ್ಟು ಇನ್ನೊಂದು ಹಟ ಹಿಡಿದಳು. ತನ್ನನ್ನು ದೊಡ್ಡಮನೆಯ ಅಂಗಳಕ್ಕೆ ಕರೆದುಕೊಂಡು ಹೋಗಬೇಕಂತೆ. ಪೆನ್ಮೆರುವಿಗೆ ನೆಟ್ಟಗೆ ನಿಲ್ಲಲು ಬರುತ್ತಿರಲಿಲ್ಲ. ಜೆಂತಿಯೇ ಕತ್ತೆ ತಂದಳು. ಅವನು ಕತ್ತೆಯ ಬಾಲದ ಹಿಂದೆ ಕೋಲೂರಿ ನಡೆದ.

ಅಂಗಳದಲ್ಲಿ ಹನ್ನೆರಡು ಕಲ್ಲೂ ಕೆಲಸದಲ್ಲಿದ್ದವು. ನಾಲ್ಕನೆಯ ಕಲ್ಲು ಅವಳದು. ಈಗ ಅಲ್ಲಿ ಒಬ್ಬ ಹೊಸ ಹುಡುಗಿ ಅರೆಯುತ್ತಿದ್ದಳು. ನೆಫ್ರೆಸ್ ಅದರ ಎದುರಿಗೆ, ಬಿಸಿಲಿನಲ್ಲಿ, ಚಾಪೆ ಹಾಸಿಸಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಳು. ಕೊರಳಪಟ್ಟಿ ಭುಜದಿಂದ ಭುಜಕ್ಕೆ ಹೊಳೆಯುತ್ತಿತ್ತು. ಕಲ್ಲುಗಳು ಒಂದೊಂದಾಗಿ ನಿಂತವು. ಹಿಟ್ಟಿನ ಮನೆಯ ಮೇಲ್ವಿಚಾರಕ ಸದ್ದು ನಿಂತದ್ದು ಕೇಳಿ ಹೊರಗೆ ಓಡಿಬಂದ. ಬಂದವನು ಅವಳನ್ನು ಕಂಡು ತಟ್ಟನೆ ಕೈ ಮೊಣಕಾಲಿಗೆ ತಂದು ಬಾಗಿದ.

“ಯಾವ ಮನೆಯವರಮ್ಮ ತಾವು? ಏನಾಗಬೇಕಿತ್ತು?”

“ಏನೂ ಬೇಡಪ್ಪ. ಹಿಟ್ಟು ನುಣ್ಣಗಿದೆಯಾ ನೋಡೋಣ ಅಂತ ಬಂದೆ.”

ಅವನು ಒಂದು ಹಿಡಿ ಹಿಟ್ಟನ್ನು ತಟ್ಟೆಯಲ್ಲಿ ತಂದು ಹಿಡಿದ. ಅವಳು ಎರಡು ಬೆರಳಲ್ಲಿ ಉಜ್ಜಿ ನೋಡಿ, “ತರಿತರಿ ಇದೆ,” ಎಂದಳು. ಅವನು ಕ್ಷಮೆ ಕೇಳಿದ. ಹದಿನೈದು ವರ್ಷ ಅವನ ಕೈಕೆಳಗೇ ಅರೆದವಳು ಅವಳು. ಹೆಂಗಸರು ಬಾಯಿಗೆ ಬಟ್ಟೆ ತುರುಕಿಕೊಂಡರು. ಜೆಂತಿ ಕತ್ತೆಯ ಕುತ್ತಿಗೆಗೆ ಮುಖ ಹುದುಗಿಸಿ ನಿಂತಳು. ಮನೆಗೆ ಬರುವ ದಾರಿಯುದ್ದಕ್ಕೂ ನೆಫ್ರೆಸ್ ನಕ್ಕಳು, ಕೆಮ್ಮಿದಳು, ಮತ್ತೆ ನಕ್ಕಳು.

ನದಿಯ ನೀರು ಏರಲು ಶುರುವಾದ ವಾರದಲ್ಲಿ ಅವಳು ಹೋದಳು. ಮರಳುಗಾಡಿನ ಅಂಚಿನಲ್ಲಿ ಗುಂಡಿ ತೋಡಿ, ಚಾಪೆ ಸುತ್ತಿ, ಪಕ್ಕದಲ್ಲಿ ಒಂದು ಕುಡಿಕೆ ಬಿಯರು, ನಾಲ್ಕು ರೊಟ್ಟಿ ಇಟ್ಟರು. ಪಟ್ಟಿಯ ದಾರಕ್ಕೆ ಪೆನ್ಮೆರು ಇನ್ನೆರಡು ಗಂಟು ಹಾಕಿದ. ಇಯ್ಮೆರಿ ದೂರದಲ್ಲಿ ನಿಂತಿದ್ದ. ಮಣ್ಣು ಹಾಕುವಾಗ ಬಂದು ಕೈ ಜೋಡಿಸಿದ. ಮುಗಿದ ಮೇಲೆ ಪೆನ್ಮೆರು ಅವನಿಗೆ ನೀರಿನ ಚೀಲ ಕೊಟ್ಟ.

ಹಲಗೆಗೆ ಅವನು ಮತ್ತೆ ಹೋಗಲಿಲ್ಲ. ಜೆಂತಿಯ ಆವಿಗೆಯ ಹಿಂದೆ ಒಂದು ಸಣ್ಣ ಒಲೆ ಹಾಕಿಕೊಂಡ. ಬಿಳಿಮರಳು ಅರೆದು, ತಾಮ್ರದ ಕೆಲಸದವರಿಂದ ಹಸಿರುಪುಡಿ ತಂದು, ತಾನೇ ನೀಲಿಮಣಿ ಸುಡಲು ಕಲಿತ. ಮೊದಲ ವರ್ಷ ಸುಟ್ಟದ್ದೆಲ್ಲ ಕಪ್ಪಾಯಿತು. ಎರಡನೆಯ ವರ್ಷದಿಂದ ಬಣ್ಣ ಹಿಡಿಯಿತು. ಬೆಸ್ತರ ಹೆಂಡಿರು ಮಕ್ಕಳು ನೀರಲ್ಲಿ ಮುಳುಗದಿರಲೆಂದು ಸೊಂಟಕ್ಕೆ ಮೀನಿನ ತಾಯಿತ ಕೇಳಿಕೊಂಡು ಬಂದರು, ಬಸುರಿಯರು ಹೆರಿಗೆ ಸಲೀಸಾಗಲೆಂದು ಕಪ್ಪೆಯ ತಾಯಿತ ಕೇಳಿದರು, ಮನೆಯಲ್ಲಿ ಮುದುಕರಿದ್ದವರು ಕೊರಳಪಟ್ಟಿ. ಬೆಲೆ, ಅವರ ಬಳಿ ಕೊಡಲು ಏನಿದ್ದರೆ ಅದು. ಈರುಳ್ಳಿ, ಒಣಮೀನು, ಒಮ್ಮೆ ಒಂದು ಬಾತುಕೋಳಿ.

ಮೂರನೆಯ ವರ್ಷ ಸೆಷೆಮು ಬಂದ. ಆವಿಗೆಯ ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ, ದೊಡ್ಡಮನೆಯ ಅಮ್ಮನವರಿಗೆ ಪಟ್ಟಿಯಾಗಬೇಕು, ಉಳಿದವರು ಪೋಣಿಸಿದ್ದು ಜೋತುಬೀಳುತ್ತಿದೆ ಎಂದ. ಹಲಗೆ ಖಾಲಿ ಇದೆ ಎಂದೂ ಹೇಳಿದ.

“ಮಣಿ ಇಲ್ಲಿಗೆ ಕಳಿಸಿ, ಪೋಣಿಸ್ತೀನಿ,” ಎಂದ ಪೆನ್ಮೆರು.

“ಒಡೆಯರ ಚಿನ್ನ ಈ ಹೊಗೆಗೂಡಿಗೆ ಕಳಿಸೋದಾ?”

“ಎತ್ಕೊಂಡು ಓಡಿದ್ರೆ ಮೂಲೆ ತಿರುಗೋದ್ರೊಳಗೆ ಹಿಡ್ಕೊಳ್ಳಿ.”

ಸೆಷೆಮು ಪಂಚೆ ಸರಿಮಾಡಿಕೊಂಡು ಹೊರಟುಹೋದ. ಹತ್ತು ದಿನದ ಮೇಲೆ ಇಬ್ಬರು ಕಾವಲುಗಾರರ ಜೊತೆ ಚಿನ್ನ ಬಂತು. ಅವರು ಬಾಗಿಲಲ್ಲಿ ಕೂತು ಜೂಜಾಡುತ್ತಿದ್ದರೆ ಪೆನ್ಮೆರು ಒಳಗೆ ಪೋಣಿಸಿದ. ಆಮೇಲೆ ಅದೇ ರೂಢಿಯಾಯಿತು.

ಅವನಿಗೆ ಅರವತ್ತು ದಾಟಿದಾಗ ಸೊಂಟ ಹಿಡಿದುಕೊಂಡಿತು, ನಡೆಯಲು ಎರಡು ಕೋಲು ಬೇಕಾಯಿತು. ಕಾರ್ಖಾನೆಯಿಂದ ಬಿಡುಗಡೆಯಾದ ಇಯ್ಮೆರಿ ದಿನಾ ಮಧ್ಯಾಹ್ನ ಬಂದು ಎದುರಿಗೆ ಕೂರುತ್ತಿದ್ದ. ಒಂದು ದಿನ ಪೆನ್ಮೆರು ಕೆಂಪುಕಲ್ಲಿನ ಚೂರಿನಲ್ಲಿ ಕಾಲಿನ ತಾಯಿತ ಕೊರೆಯುತ್ತಿದ್ದ. ಸತ್ತವರ ಕಣಕಾಲಿಗೆ ಕಟ್ಟುವಂಥದ್ದು, ಪಡುವಣದಲ್ಲಿ ಎದ್ದು ನಡೆಯಲು ಬಲ ಬರಲೆಂದು.

“ಯಾರಿಗೆ?” ಎಂದ ಇಯ್ಮೆರಿ.

“ನನಗೇ.”

ಇಯ್ಮೆರಿ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ದಪ್ಪ ತೊಡೆ, ಬಾಗಿದ ಮೊಣಕಾಲು, ಬೆರಳುದ್ದವಾಗಬೇಕಾದದ್ದು ಅರ್ಧ ಬೆರಳುದ್ದ. “ಏನಪ್ಪಾ ಇದು, ಗಿಡ್ಡ ಮಾಡಿದ್ದೀಯಲ್ಲ. ಕೊರೆಯೋನು ನೀನೇ. ಉದ್ದದ್ದೇ ಒಂದು ಜೊತೆ ಕೊರ್ಕೊಂಡ್ರೆ ಅಲ್ಲಾದ್ರೂ ಎಲ್ಲರ ಹಾಗೆ ನಡೀಬಹುದಿತ್ತಲ್ಲ. ಯಾರು ಬಂದು ನೋಡ್ತಾರೆ?”

ಪೆನ್ಮೆರು ಅದನ್ನು ಇಸಿದುಕೊಂಡು ಮರಳಿನಲ್ಲಿ ಉಜ್ಜತೊಡಗಿದ.

“ಅರವತ್ತು ವರ್ಷ ನನ್ನನ್ನ ಹೊತ್ತದ್ದು ಇವೇ ಕಣೋ. ಅಲ್ಲಿಗೆ ಹೋದ್ಮೇಲೆ ಇವನ್ನ ಬಿಟ್ಟು ಇನ್ನೊಬ್ಬರ ಕಾಲು ಹಾಕ್ಕೊಳ್ಳೋಕೆ ನನಗೆ ಇಷ್ಟ ಇಲ್ಲ,” ಎಂದ.

ಇಯ್ಮೆರಿ ಇನ್ನೊಂದು ಕೆಂಪುಕಲ್ಲಿನ ಚೂರು ಎತ್ತಿಕೊಂಡು, ಅಳತೆಗೆಂದು ಮೊದಲನೆಯದರ ಪಕ್ಕದಲ್ಲಿಟ್ಟು, ಎಡಗಾಲು ಕೊರೆಯಲು ಶುರುಮಾಡಿದ.